ಮೊದಲೇ ಕಲಸಿದ ಮಲಿದಾ

ಖರ್ಜೂರದ ಬೀಜ ಹಲ್ಲಿಗೆ ಸಿಕ್ಕಿತು. ಉದ್ದಕ್ಕೆ ಒಂದು ಗೀರು, ತುದಿಗೆ ಅಂಟಿದ ಕಾಯಿತುರಿಯ ಎಳೆ. ತೆಗೆದು ತಟ್ಟೆಯ ಅಂಚಿಗೆ ಇಟ್ಟೆ. ಬೀಜ ತೆಗೆಯದೆ ಅವಲಕ್ಕಿಗೆ ಖರ್ಜೂರ ಹಾಕುವುದು ನನ್ನ ಸೋಮಾರಿತನವೆಂದು ಮನೆಯವರು ತಿಳಿದಿದ್ದಾರೆ. ಅಲ್ಲ, ಅದು ಕಲಿತದ್ದು. ಕಲಿಸಿದವರೊಂದಿಗೆ ನಾನು ಕಳೆದದ್ದು ಒಂದೇ ದಿನ.

ತೊಂಬತ್ತರ ದಶಕದ ಕೊನೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆ.ಬಿ. ಬಡಾವಣೆಯ ಮನೆಯಲ್ಲಿ ಕೂತಿದ್ದೆ. ಅಪ್ಪಾಜಿಯ ಸ್ನೇಹಿತರ ಲಾಡ್ಜಿಗೆ ಮುಂಬೈಯಿಂದ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಊರು ತೋರಿಸಲು ಹಿಂದಿ ಬಲ್ಲ ಹುಡುಗಿ ಬೇಕಂತೆ. ಹೆಸರು ರಿಬೆಕಾಬಾಯಿ, ಕೊಂಕಣ ಕರಾವಳಿಯ ಯೆಹೂದಿ. ಅವರ ತಂದೆ ದಾವಣಗೆರೆಯ ಹತ್ತಿಗಿರಣಿಯಲ್ಲಿ ಮೇಸ್ತ್ರಿಯಾಗಿದ್ದರು. ತಾಯಿ ಇಲ್ಲೇ ತೀರಿಕೊಂಡಾಗ ಯೆಹೂದಿಗಳ ಸ್ಮಶಾನವೆಂಬುದು ಇರಲಿಲ್ಲ. ಹರಿಹರದ ಪಾದ್ರಿಯೊಬ್ಬರು ಕ್ಯಾಥೊಲಿಕರ ಸ್ಮಶಾನದ ಮೂಲೆಯಲ್ಲಿ ಜಾಗ ಕೊಟ್ಟಿದ್ದರು. ಆ ಸಮಾಧಿಯನ್ನು ನೋಡಲು ಬಂದಿದ್ದರು ಬಾಯಿ.

ನಾನು ಒಪ್ಪಿದ್ದು ಮನೆಯಿಂದ ಹೊರಗಿರಲೆಂದು. ಮರುದಿನ ಆವರಗೆರೆಯ ನಮ್ಮ ಹೊಲವನ್ನು ಸೈಟು ಮಾಡಲು ಅಳೆಯುವವರು ಬರುತ್ತಿದ್ದರು, ಮನೆಯಲ್ಲಿ ಅದರದೇ ಮಾತು. ಆ ಹೊಲದ ಮೂಲೆಯಲ್ಲಿ ಅಮ್ಮ ಇದ್ದಾಳೆ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅಪ್ಪಾಜಿ ಆ ಮೂಲೆಯ ಮಾತೆತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಮಾತಾಡದ ಹುಡುಗಿಯೆಂದು ನೆಂಟರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಹುಡುಗಿ ಒಬ್ಬಳೇ ಹೋಗಬಾರದೆಂದು ಅಪ್ಪಾಜಿಯ ತಂಗಿ ಗೌರತ್ತೆ ಜೊತೆಗೆ ಬಂದರು. ಬಾಯಿ ಮೊದಲು ಕೇಳಿದ್ದು ಗಿರಣಿಯನ್ನಲ್ಲ, ಅವಲಕ್ಕಿ ಅಂಗಡಿಯನ್ನು. ಮಲಿದಾ ಮಾಡಬೇಕಂತೆ.

"ಮಾದಲಿನಾ? ಅದಕ್ಕ ಅವಲಕ್ಕಿ ಯಾಕ? ಗೋಧಿ ರೊಟ್ಟಿ ಮುರಿದು ಬೆಲ್ಲ ಹಾಕ್ಬೇಕು," ಅಂದರು ಅತ್ತೆ.

ಮಾದಲಿಯಲ್ಲ, ಮಲಿದಾ ಎಂದು ಬಾಯಿಯನ್ನು ಕೇಳಿ ಬಿಡಿಸಿ ಹೇಳಿದೆ. ಎಲೀಯಾ ಪ್ರವಾದಿಯ ಹೆಸರಲ್ಲಿ ಹರಕೆ ಹೊತ್ತು, ಅದು ಫಲಿಸಿದ ಮೇಲೆ ಹಂಚುವ ಸಿಹಿ ಅವಲಕ್ಕಿ.

"ಫಲಿಸಿದ ಮ್ಯಾಲೆ ಅಂದ್ರ, ಈಗ್ಲೇ ಯಾಕ ಕಲಸ್ತಾರೆ?"

ತಾಯಿಯ ಸಮಾಧಿ ಸಿಗಲೆಂದು ಹರಕೆ, ಸಿಕ್ಕ ಮೇಲೆ ಬಿಸಿಲಲ್ಲಿ ಎಲ್ಲಿ ಕಲಸುತ್ತ ಕೂರಲಿ ಎಂದರು ಬಾಯಿ. ಲಾಡ್ಜಿನ ಅಡುಗೆಮನೆಯಲ್ಲೇ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿದರು.

ಗಿರಣಿಯ ಗೇಟಿಗೆ ಬೀಗವಿತ್ತು. ಬಾಯಿ ಚಿಮಣಿಯನ್ನು ನೋಡಿ ತಲೆಯಾಡಿಸಿದರು, ಅಷ್ಟೆ. ಹರಿಹರಕ್ಕೆ ಹೋಗುವಾಗ ಕಾರಿನಲ್ಲಿ ತಮ್ಮ ಹಿರಿಯರ ಕತೆ ಹೇಳಿದರು: ಎಣ್ಣೆ ಗಾಣದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದವರು.

"ನಾವು ಸೋಮವಾರ ಎತ್ತಿಗೆ ನೊಗ ಇಡಲ್ಲ, ಇವ್ರು ಶನಿವಾರ ಇಡಲ್ಲ. ಬೀಗ್ರಾಗಬಹುದಿತ್ತು ಬಿಡು," ಅಂದರು ಅತ್ತೆ. ಕೊನೆಯದನ್ನು ನಾನು ಹಿಂದಿಗೆ ತರಲಿಲ್ಲ.

ಹರಿಹರದ ಮಾತೆಯ ಚರ್ಚಿನ ಬಗ್ಗೆ ಓದಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಮೂರ್ತಿಗೆ ನಾವು ಕೈಮುಗಿಯುವುದಿಲ್ಲ, ಆದರೆ ಇದು ತಾಯಿಗೆ ಜಾಗ ಕೊಟ್ಟವರ ಮನೆ ಎಂದು ಬಾಯಿ ಸೆರಗು ಹೊದ್ದು ಬಾಗಿಲಲ್ಲೇ ನಿಂತರು. ಅತ್ತೆ ಮೇಣದ ಬತ್ತಿ ಹಚ್ಚಿ, "ನಿಮ್ಮಮ್ಮನೂ ಇಲ್ಲೇ ಹಚ್ತಿದ್ಲು," ಎಂದಾಗ ನಾನು ಹೊರಗೆ ಬಂದೆ. ಚಪ್ಪಲಿ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ನಾಳೆ ಇಷ್ಟು ಹೊತ್ತಿಗೆ ಅಳತೆ ಮುಗಿದಿರುತ್ತದೆ.

ಸ್ಮಶಾನ ಹೊಳೆಯ ದಿಕ್ಕಿಗಿತ್ತು. ವಯಸ್ಸಾದ ಪಾದ್ರಿಯೊಬ್ಬರು ಜೊತೆಗೆ ಬಂದು ಹಿಂದಿನ ಗೋಡೆಯ ಬಳಿ ನಿಂತರು.

"ಹೊಳೆ ಬಂದು ಇಲ್ಲಿನ ಗೋಡೆ ಬಿತ್ತಮ್ಮ. ಹೊಸ ಗೋಡೆ ಒಳಗ ಸರಿಸಿ ಕಟ್ಟಬೇಕಾತು. ಮನೆಯವರು ಬಂದು ಹೇಳಿದ ಕಲ್ಲೆಲ್ಲ ಒಳಗ ತಂದ್ವಿ. ಆ ಮೂಲೆ ಬಗ್ಗೆ ಯಾರೂ ಬರ್ಲಿಲ್ಲ, ಏನೂ ಹೇಳ್ಲಿಲ್ಲ."

ಗೋಡೆಯಾಚೆ ಜಾಲಿ, ಮರಳು. ಇದನ್ನು ಹಿಂದಿಯಲ್ಲಿ ಹೇಳಬೇಕಾದವಳು ನಾನು. 'ಯಾರೂ ಏನೂ ಹೇಳಲಿಲ್ಲ' ಎನ್ನುವುದನ್ನು ಎರಡು ಸಲ ಹೇಳಿದೆ.

ಬಾಯಿ ಬಹಳ ಹೊತ್ತು ಗೋಡೆಯಾಚೆ ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, "ಮೊದಲೇ ಕಲಸಿಬಿಟ್ಟೆ. ಇನ್ನೇನು, ತಿನ್ನಿ," ಎಂದರು. ಪಾದ್ರಿಗೆ ಒಂದು ಹಿಡಿ, ಅತ್ತೆಗೆ, ನನಗೆ.

"ಚಲೋ ಐತೆ ಬಾಯಾರ," ಅಂದರು ಕೊನೆಗೆ ಅತ್ತೆ. "ಆದ್ರ ಬೀಜ ತೆಗೀಬೇಕಿತ್ತು."

ಇದನ್ನು ಅನುವಾದಿಸಿದೆ. ಬಾಯಿ ನಕ್ಕರು, ನಗುವಾಗಲೇ ಕಣ್ಣು ತುಂಬಿತು. ತಾಯಿ ಎಂದೂ ಬೀಜ ತೆಗೆಯುತ್ತಿರಲಿಲ್ಲವಂತೆ. ತಾಯಿಯದೆಂದು ಅವರ ಬಳಿ ಉಳಿದಿದ್ದುದು ಆ ರೂಢಿಯೊಂದೇ.

ಸಂಜೆ ಅಪ್ಪಾಜಿಗೆ ಊಟ ಬಡಿಸಿದೆ. ಹೊಲದ ಮಾತೆತ್ತಲು ಹೋಗಿ, ಸಾರು ಬೇಕೇ ಎಂದು ಕೇಳಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅವಲಕ್ಕಿ ತೋಯಿಸಿದೆ. ಕಾಯಿತುರಿ, ಸಕ್ಕರೆ ಹಾಕಿದೆ. ಖರ್ಜೂರವನ್ನು ಹಾಗೇ ಹಾಕಿದೆ. ಡಬ್ಬಿ ಹಿಡಿದು ಬಸ್ಸಿನಲ್ಲಿ ಆವರಗೆರೆಗೆ ಹೋಗಿ ಅಮ್ಮನ ಸಮಾಧಿಯ ಕಟ್ಟೆಯ ಪಕ್ಕ ಕೂತೆ. ಅಪ್ಪಾಜಿ ಟೇಪು ಹಿಡಿದವನೊಂದಿಗೆ ಸ್ಕೂಟರಿನಲ್ಲಿ ಬಂದರು.

"ಇಲ್ಲಿ ಏನ್ ಮಾಡಾಕತ್ತೀಯ?"

"ಈ ಮೂಲೆ ಬಿಟ್ಟು ಅಳೀರಿ, ಅಪ್ಪಾಜಿ. ಅಮ್ಮ ಇದಾಳೆ."

ಅವರು ಕಟ್ಟೆಯನ್ನು ನೋಡಿದರು, ಟೇಪಿನವನನ್ನು ನೋಡಿದರು. ಉತ್ತರಕ್ಕೆ ನಾನು ಕಾಯಲಿಲ್ಲ. ಡಬ್ಬಿ ತೆಗೆದು ಅವರ ಅಂಗೈಗೆ ಒಂದು ಹಿಡಿ ಹಾಕಿದೆ.

"ಬೀಜ ಐತೆ," ಅಂದೆ, "ನೋಡಿ ತಿನ್ರಿ."