ಮಗ್ಗದ ಮೇಲಿನ ದೀಪ

೧೯೯೭ರ ಮಳೆಗಾಲದಲ್ಲಿ ಮೊಳಕಾಲ್ಮೂರಿನ ನಮ್ಮ ವಠಾರದ ಗೋಡೆ ನೆನೆದು, ಪಕ್ಕದ ಮನೆಯ ನೇಕಾರರ ಮಗ್ಗದ ಮೇಲೆ ತೂಗುತ್ತಿದ್ದ ದೀಪದ ತಗಡಿನ ಮುಚ್ಚಳಕ್ಕೆ ಕರೆಂಟು ಇಳಿಯತೊಡಗಿತು. ಅವರು ಮಗ್ಗದ ಗುಂಡಿಯ ಹಸಿ ಮಣ್ಣಿಗೆ ಬರಿಗಾಲಿಟ್ಟು ಕೂರುವವರು. ತಗಡು ತಾಕಿದಾಗಲೆಲ್ಲ ಕೈ ಒದರಿ ಮತ್ತೆ ಲಾಳಿ ಎಸೆಯುತ್ತಿದ್ದರು.

ವೈರಿಂಗ್ ಬದಲಿಸಬೇಕಾದವರು ವಠಾರದ ಮಾಲೀಕರು. ಅವರು ರಬ್ಬರ್ ಚಪ್ಪಲಿಯಲ್ಲೇ ಒಳಬಂದು ತಗಡು ಮುಟ್ಟುತ್ತಿದ್ದರು.

“ಎಲ್ಲೈತೋ ಕರೆಂಟು? ನಿನ್ನ ಮೈಯಾಗೇ ಐತೆ ನೋಡು.”

“ಇರಬೌದ್ರಿ,” ಎನ್ನುತ್ತಿದ್ದರು ನೇಕಾರರು. ಯಾವುದಕ್ಕೂ ಅವರದು ಅದೇ ಮಾತು.

“ಜೀವ ಹೋದ ಮ್ಯಾಲೆ ರಿಪೇರಿ ಮಾಡಿಸ್ತೀರಾ?” ಎಂದು ಅವರ ಹೆಂಡತಿ ಕೇಳುತ್ತಿದ್ದರು.

ದೀಪಾವಳಿಗೆ ಮುಂಚೆ ಮಾಲೀಕರ ಮಗಳ ಮದುವೆ ಸೀರೆ ಅದೇ ಮಗ್ಗಕ್ಕೆ ಏರಿತು. ಸೆರಗು ನೋಡಲು ಮಾಲೀಕರು ಬಂದರು.

“ಕುಂತು ನೋಡ್ರಿ ಸಾಹುಕಾರ್ರೇ. ಮಗ್ಗಕ್ಕೆ ಚಪ್ಪಲಿ ಮಾತ್ರ ಬ್ಯಾಡ್ರಿ,” ಎಂದರು ನೇಕಾರರು.

ಮಾಲೀಕರು ಚಪ್ಪಲಿ ಬಿಟ್ಟು, ಗುಂಡಿಗೆ ಕಾಲಿಳಿಸಿ, ಜರಿ ಕಾಣಲೆಂದು ದೀಪವನ್ನು ಹತ್ತಿರಕ್ಕೆ ಎಳೆದರು. ಮರುಕ್ಷಣ ಗುಂಡಿಯಿಂದಾಚೆ ಹಾರಿದರು.

“ಲೇ, ಕರೆಂಟು ಐತಲ್ಲೋ!”

“ಇರಬೌದ್ರಿ.”

ಮರುದಿನವೇ ಮಾಲೀಕರು ಹೊಸ ವೈರು ಎಳೆಸಿದರು.

೨೦೦೪ರಲ್ಲಿ ನಾನು ಕೊನೆಯ ಸಲ ಹೋದಾಗ ನೇಕಾರರು ಅದೇ ದೀಪದಡಿ ನೇಯುತ್ತಿದ್ದರು. ಮಾಲೀಕರು ಎರಡನೇ ಮಗಳ ಸೀರೆ ನೋಡಲು ಬಂದಿದ್ದರು. ಹೊಸ್ತಿಲಾಚೆ, ಚಪ್ಪಲಿಯಲ್ಲೇ ನಿಂತಿದ್ದರು.