ಆರನೆಯ ಕಲ್ಲು

ನಿನ್ನೆ ಬೆಳಿಗ್ಗೆ ಸೀರೆಗೆಂದು ಗಂಜಿ ಕಾಯಿಸಲು ಇಟ್ಟು, ಫೋನಿನಲ್ಲಿ ತಂಗಿಯ ಜೊತೆ ಮಾತಿಗೆ ನಿಂತು, ಪಾತ್ರೆಯ ತಳ ಹಿಡಿಸಿದೆ. ಈ ಕಾಲದಲ್ಲಿ ಗಂಜಿ ಹಾಕಿದ ಸೀರೆ ಯಾರು ಉಡುತ್ತಾರೆ ಎಂದು ಕೇಳಬೇಡಿ. ನಾನು ಉಡುತ್ತೇನೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ ಲಕ್ಷ್ಮೇಶ್ವರದ ನೇಕಾರರ ಮನೆ ಸೇರಿದವಳು ನಾನು. ಜೋತುಬಿದ್ದ ಸೀರೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊತ್ತಿದ ಗಂಜಿಯನ್ನು ಹಿತ್ತಲ ಗೋಡೆಯ ಆಚೆ ಚೆಲ್ಲಲು ಹೋದೆ. ಗೋಡೆಯ ಆಚೆ ಒಂದು ಖಾಲಿ ಜಾಗವಿದೆ. ಯಾರದೋ ಗೊತ್ತಿಲ್ಲ. ಗದಗಿನ ಈ ಬಡಾವಣೆಗೆ ನಾವು ಬಂದಾಗಿನಿಂದ ಇಡೀ ಓಣಿಯೇ ಅಲ್ಲಿ ಕಸ ಸುರಿಯುತ್ತದೆ, ನಾನೂ ಸುರಿದಿದ್ದೇನೆ. ಆದರೆ ನಿನ್ನೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾತ್ರೆ ಎತ್ತಿದ ಕೈ ಅಲ್ಲೇ ನಿಂತಿತು. "ಇರವಿ ಬರ್ತಾವ ಲೇ!" ಎಂದು ನನ್ನ ಅತ್ತೆ ನೀಲವ್ವ ಕಿವಿಯ ಹತ್ತಿರವೇ ಕೂಗಿದಂತಾಯಿತು.

ಇರುವೆಗೂ ಗಂಜಿಗೂ ಏನು ಸಂಬಂಧ ಎಂಬುದನ್ನು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯಬೇಕು. ಅವಸರವಿದ್ದವರು ಎದ್ದು ಹೋಗಬಹುದು.

ನಾನು ಮದುವೆಯಾಗಿ ಬಂದಾಗ ಲಕ್ಷ್ಮೇಶ್ವರ ಸಂಸ್ಥಾನದ ಊರು. ನನ್ನ ತವರು ಬೆಟಗೇರಿ ಇಂಗ್ರೇಜರದು. ಶಿರಹಟ್ಟಿ ಮತ್ತೊಂದು ಸಂಸ್ಥಾನದ್ದು, ಮುಂಡರಗಿ ದಾಟಿದರೆ ನಿಜಾಮನ ಸೀಮೆ. ತವರಿನಿಂದ ಗಂಡನ ಮನೆಗೆ ಚಕ್ಕಡಿಯಲ್ಲಿ ಬರುವಷ್ಟರಲ್ಲಿ ಸರಕಾರವೇ ಬದಲಾಗಿರುತ್ತಿತ್ತು. ಊರಿನ ಹೊರಗೆ ಗದಗಿನ ದಾರಿಯಲ್ಲಿ ಒಂದು ಸುಂಕದ ನಾಕಾ ಇತ್ತು. ದಾರಿಗೆ ಅಡ್ಡ ಒಂದು ಬೊಂಬು, ಪಕ್ಕದಲ್ಲಿ ತಗಡಿನ ಶೆಡ್ಡು, ಎತ್ತುಗಳಿಗೆ ನೀರು ಕುಡಿಸಲು ಒಂದು ಬಾವಿ, ಮತ್ತು ಚಕ್ಕಡಿಗಳು ಕೊಳ್ಳ ಹರಿದು, ಎತ್ತು ಬಿಚ್ಚಿ ನಿಲ್ಲಲು ಅರ್ಧ ಎಕರೆಯಷ್ಟು ಬಯಲು. ನಾಕಾದ ಸಿಪಾಯಿ ನನ್ನ ಸೀರೆಯ ಗಂಟನ್ನೂ ಬಿಚ್ಚಿಸಿ ನೋಡಿದ್ದ. ಹೊಸ ಮದುಮಗಳ ಗಂಟಿನಲ್ಲಿ ಅವನು ಏನು ಹುಡುಕುತ್ತಿದ್ದನೋ, ಅವಲಕ್ಕಿ ಮಾತ್ರ ಒಂದು ಮುಷ್ಟಿ ತಿಂದ.

ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ಕರಗಿಹೋದವು. ಸಿಪಾಯಿ ಹೋದ, ಬೊಂಬು ಯಾರದೋ ಹಂದರಕ್ಕೆ ಹೋಯಿತು, ಶೆಡ್ಡಿನ ತಗಡುಗಳು ಒಂದೊಂದಾಗಿ ಕಾಲು ಬಂದು ನಡೆದುಹೋದವು. ಬಯಲು ಮಾತ್ರ ಉಳಿಯಿತು. ಆ ಬಯಲು ಯಾರದು? ಸಂಸ್ಥಾನದ ಗಡಿ ತೋರಿಸುವ ಹದ್ದಿನ ಕಲ್ಲು ಅದರ ನಟ್ಟನಡುವೆ ಇತ್ತು. ಇತ್ತಲಿನವರು ಅದು ಇಂಗ್ರೇಜರದು ಎನ್ನುತ್ತಿದ್ದರು, ಅತ್ತಲಿನವರು ಸಂಸ್ಥಾನದ್ದು ಎನ್ನುತ್ತಿದ್ದರು. ಈಗ ಇಂಗ್ರೇಜರೂ ಇಲ್ಲ, ಸಂಸ್ಥಾನವೂ ಇಲ್ಲ. ಎರಡೂ ಕಡೆಯ ಕಚೇರಿಯವರು "ನಮ್ಮಲ್ಲಿ ಇಲ್ಲ" ಎಂದು ಕೈ ತೊಳೆದುಕೊಂಡರು. ಅದರಲ್ಲಿ ಜಾಲಿ ಬೆಳೆಯಿತು, ಸತ್ತ ನಾಯಿಗಳನ್ನು ಎಳೆದು ಹಾಕುವ ಜಾಗವಾಯಿತು.

ನನ್ನ ಅತ್ತೆಯ ಕಣ್ಣು ಆ ಬಯಲಿನ ಮೇಲೆ ಬಿತ್ತು. ನೀಲವ್ವ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದು ಮಗನನ್ನು ಬೆಳೆಸಿದವಳು. ನಮಗೆ ಒಂದು ಗೇಣು ಹೊಲವೂ ಇರಲಿಲ್ಲ. "ಭೂಮಿತಾಯಿಯೊಳಗ ನಮ್ಮ ಪಾಲು ಅಂದ್ರ ಈ ಮಗ್ಗದ ಕುಣಿ ಅಷ್ಟ" ಎನ್ನುತ್ತಿದ್ದಳು. ಹೊಟ್ಟೆಗೆ ಕಡಿಮೆ ಇತ್ತೆಂದಲ್ಲ. ಅವಳನ್ನು ಚುಚ್ಚುತ್ತಿದ್ದದ್ದು ಬೇರೆ.

ನಮ್ಮ ಕಡೆ ಸೀಗಿ ಹುಣ್ಣಿಮೆಗೆ, ಬೆಳೆ ಹೊತ್ತ ಭೂಮಿತಾಯಿ ಗರ್ಭಿಣಿ ಎಂದು, ಹೊಲವಿದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಇಟ್ಟು ಪೂಜಿಸುತ್ತಾರೆ. ಅವುಗಳ ಹಿಂದೆ ಆರನೆಯದೊಂದು ಕಲ್ಲು, ಅವನು ಕಳ್ಳ. ಕಳ್ಳನಿಗೂ ಎಡೆ ಹಿಡಿಯುತ್ತಾರೆ, ಮೊದಲೇ ಉಣಿಸಿಬಿಟ್ಟರೆ ಬೆಳೆಗೆ ಕೈ ಹಾಕುವುದಿಲ್ಲ ಎಂಬ ಹಂಚಿಕೆ. ಆಮೇಲೆ ಮನೆಯ ಗಂಡಸು ಅನ್ನ, ಕಡುಬು, ಪಲ್ಯ ಎಲ್ಲ ಕಲಸಿದ ಚರಗವನ್ನು "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತಾನೆ. ಆಮೇಲೆ ಊಟ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ಅತ್ತೆ ಜನ್ಮವೆಲ್ಲ ಹಾಗೆ ಕರೆಸಿಕೊಂಡು ಹೋದವಳು.

"ಕರೀತಾರ, ಉಣ್ಣಸ್ತಾರ, ಯಾರದೂ ತಪ್ಪಿಲ್ಲ," ಎಂದಿದ್ದಳು ಒಮ್ಮೆ ನನ್ನೆದುರು, ಲಾಳಿ ಎಸೆಯುವುದನ್ನು ನಿಲ್ಲಿಸಿ. "ಆದ್ರ ಸಾಯೂದ್ರೊಳಗ ಒಮ್ಮೆರ ನಾ ಕರೀಬೇಕು, ಮಂದಿ ಬಂದು ಉಣ್ಣಬೇಕು. ನನ್ನ ಚರಗ ನನ್ನ ಮಣ್ಣಿಗೆ ಬೀಳಬೇಕು."

ಇಷ್ಟೇ ಅವಳ ಆಸೆ. ಮರುದಿನವೇ ಕುಡಗೋಲು ಹಿಡಿದು ನಾಕಾದ ಬಯಲಿಗೆ ಹೊರಟಳು, ಹಿಂದೆ ನಾನು. ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತು "ಯಾರ ಜಾಗಾನೋ ಏನೋ, ನಾಳೆ ಮಾಲಕ ಬಂದ್ರ ಏನ್ ಮಾಡ್ತಿ?" ಎಂದರು. ಅವರು ಹೆದರುವ ಸ್ವಭಾವದವರು, ಒಳ್ಳೆಯವರು. ಅತ್ತೆ "ಬರಲಿ, ಬಂದ ಮ್ಯಾಲೆ ಯೋಚನಿ" ಎಂದು ಅವರ ತೋಳಿನ ಕೆಳಗೆ ಬಗ್ಗಿ ಹೊರಗೆ ಬಂದಳು.

ಜಾಲಿ ಕಡಿದೆವು. ಕೈತುಂಬ ಮುಳ್ಳು. ಎರೆಮಣ್ಣು, ಒಳ್ಳೆಯ ಮಣ್ಣು, ಆದರೆ ನಮಗೇನು ಗೊತ್ತು ಬೇಸಾಯ? ನೇಕಾರರಿಗೆ ಗೊತ್ತಿರುವುದು ನೂಲು. ಮಗ್ಗಕ್ಕೆ ನೂಲಿನ ಹಾಸು ಹೂಡುವ ಹಾಗೆ ಗೂಟ ನೆಟ್ಟು, ದಾರ ಎಳೆದು, ದಾರದ ಕೆಳಗೆ ಅವರೆ, ಹೀರೆ, ಚವಳಿ ಬೀಜ ಊರಿದೆವು. ಬೀಜ ಕೊಟ್ಟವಳು ಮಾಬೂಬಿ. ಬಯಲಿನ ಪಕ್ಕದ ಹೊಲದವಳು, ಅತ್ತೆಯ ಓರಗೆಯವಳು, ಬಾಯಿ ಜೋರು. ಬೀಜ ಊರಿದ ಮೇಲೆ ಅತ್ತೆಗೆ ಒಂದು ಮಹಾ ಉಪಾಯ ಹೊಳೆಯಿತು. ಹಾಸಿನ ನೂಲಿಗೆ ಹಚ್ಚಿ ಉಳಿದ ಗಂಜಿ ದಿನಾ ಚೆಲ್ಲಿ ಹೋಗುತ್ತದಲ್ಲ, ನೂಲಿಗೆ ಕಸುವು ಕೊಡುವುದು ಬಳ್ಳಿಗೆ ಯಾಕೆ ಕೊಡಬಾರದು? ಸುತ್ತಲಿನ ಮಗ್ಗದ ಮನೆಗಳಿಂದೆಲ್ಲ ಗಂಜಿ ಬೇಡಿ ತಂದು ಸಾಲಿಗೆ ಎರೆದೆವು. ನಮ್ಮ ಜಾಣತನಕ್ಕೆ ನಾವೇ ಬೆರಗಾಗಿದ್ದೆವು.

ಮೂರು ದಿನ ಬಿಟ್ಟು ಹೋಗಿ ನೋಡಿದರೆ ಲಕ್ಷ್ಮೇಶ್ವರದ ಇರುವೆಗಳೆಲ್ಲ ಅಲ್ಲಿ ನೆರೆದಿದ್ದವು. ಬೀಜಗಳನ್ನು ಹೊತ್ತುಕೊಂಡು ಸಾಲು ಹಿಡಿದು ಹೊರಟಿದ್ದವು. ಉಳಿದದ್ದನ್ನು ಗಂಜಿಯ ವಾಸನೆಗೆ ಬಂದ ನಾಯಿಗಳು ಕೆದರಿದ್ದವು. ಮಾಬೂಬಿ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನೀಲವ್ವಾ, ನೀ ಬಿತ್ತಿಗಿ ಮಾಡೀಯೋ, ಇರವಿಗೆ ಊಟಕ್ಕ ಹಾಕೀಯೋ? ಮಣ್ಣಿಗೆ ಸಗಣಿ ಬೇಕವಾ, ಗಂಜಿ ಅಲ್ಲ!"

ಅತ್ತೆಗೆ ಅವಮಾನವಾಯಿತೆಂದುಕೊಂಡಿರಾ? "ಇರವಿಗೆ ಉಣ್ಣಿಸಿದ ಪುಣ್ಯ ಆತು. ಇನ್ನೊಂದು ಬೊಗಸಿ ಬೀಜ ಕೊಡು" ಎಂದು ಸೆರಗು ಒಡ್ಡಿದಳು. ಮಾಬೂಬಿ ಬೀಜವನ್ನೂ ಕೊಟ್ಟಳು, ಒಂದು ಬುಟ್ಟಿ ಸಗಣಿಯನ್ನೂ ಕೊಟ್ಟಳು.

ಆ ವರ್ಷ ಅಷ್ಟಕ್ಕಷ್ಟೆ. ಮರುವರ್ಷ ಮಾತ್ರ ಬಯಲು ಬಯಲಾಗಿ ಉಳಿಯಲಿಲ್ಲ. ಅವರೆ ದಾರ ಹಿಡಿದು ಏರಿತು, ಪುಂಡಿ ಸೊಂಟದೆತ್ತರ ಬಂತು, ಕುಂಬಳದ ಬಳ್ಳಿ ಹದ್ದಿನ ಕಲ್ಲನ್ನೇ ತಬ್ಬಿ, ಅದರ ನೆತ್ತಿಯ ಮೇಲೆ ಒಂದು ಕಾಯಿ ಕೂರಿಸಿ, ಆಚೆ ಇಳಿಯಿತು. ಬದನೆಯ ಬಗ್ಗೆ ಹೇಳಹೊರಟರೆ ನೀವು ಬಡಾಯಿ ಎನ್ನುತ್ತೀರಿ, ಬಿಡಿ.

ಹಾಳುಬಿದ್ದಾಗ ಯಾರಿಗೂ ಬೇಡವಾಗಿದ್ದ ಜಾಗಕ್ಕೆ ಹಸಿರು ಕಾಣುತ್ತಲೇ ಮಾಲಕ ಹುಟ್ಟಿದ. ಪೇಟೆಯ ಒಬ್ಬ ಅರಳೆಯ ಸಾಹುಕಾರ, ಆ ಜಾಗವನ್ನು ಸಂಸ್ಥಾನದವರು ತನ್ನ ಅಜ್ಜನಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರೆಂದೂ, ತಾನು ಅಲ್ಲಿ ಅರಳೆ ತುಂಬಿಡಲು ವಖಾರ ಕಟ್ಟಿಸುವುದಾಗಿಯೂ ಊರಲ್ಲಿ ಹೇಳತೊಡಗಿದ. ನನ್ನ ಗಂಡ ರಾತ್ರಿಯೆಲ್ಲ ಹೊರಳಾಡಿದರು. ಅತ್ತೆ ಸೀಗಿ ಹುಣ್ಣಿಮೆಗೆ ಸಜ್ಜೆ ಬೀಸಲು ಕೂತಳು. ಜನ್ಮವೆಲ್ಲ ಅವಳನ್ನು ಕರೆದು ಉಣಿಸಿದವರಿಗೆಲ್ಲ "ನಿಮ್ಮ ಚರಗ ಮುಗಿಸಿ ಸಂಜೀಕ ನನ್ನ ಹೊಲಕ್ಕ ಬರ್ರಿ" ಎಂದು ಹೇಳಿಕಳಿಸಿದಳು.

ಹುಣ್ಣಿಮೆಯ ದಿನ ಸಜ್ಜೆ ರೊಟ್ಟಿ, ಬದನೆಯ ಎಣಗಾಯಿ, ಪುಂಡಿಪಲ್ಯ, ಕಡುಬು ಹೊತ್ತುಕೊಂಡು ಹೋದೆವು. ಎಲ್ಲ ನಮ್ಮ ತೋಟದ ಕಾಯಿಪಲ್ಯ. ಐದು ಕಲ್ಲಿಗೆ ಸುಣ್ಣ ಹಚ್ಚಿ ಸಾಲಾಗಿ ಇಟ್ಟೆವು. ಮಾಬೂಬಿ ತನ್ನ ಹೊಲದ ಚರಗ ಮುಗಿಸಿ ಬಂದವಳು ಸೊಂಟದ ಮೇಲೆ ಕೈ ಇಟ್ಟು ನೋಡಿ, "ಕಳ್ಳ ಎಲ್ಲಿ ನೀಲವ್ವಾ?" ಎಂದಳು. ನೋಡಿ, ನೇಕಾರರ ಬುದ್ಧಿ! ಜನ್ಮವೆಲ್ಲ ಬೇರೆಯವರ ಹೊಲದಲ್ಲಿ ಉಣ್ಣಲು ಕೂತವರು, ಪೂಜೆಯ ಹಿಂಬದಿ ಏನಿರುತ್ತದೆ ಎಂದು ಲಕ್ಷ್ಯ ಕೊಟ್ಟಿರಲಿಲ್ಲ. ನಾನು ಕಲ್ಲು ಹುಡುಕಲು ಏಳುವಷ್ಟರಲ್ಲಿ ದಾರಿಯಲ್ಲಿ ಟಾಂಗಾ ನಿಂತಿತು.

ಸಾಹುಕಾರ ಇಳಿದ. ಹಿಂದೆ ಗೂಟ, ಹಾರೆ ಹೊತ್ತ ಇಬ್ಬರು ಆಳುಗಳು. ಹಬ್ಬದ ದಿನ ಎಲ್ಲರೂ ತಮ್ಮ ತಮ್ಮ ಹೊಲದಲ್ಲಿರುತ್ತಾರೆ, ಇಲ್ಲಿ ಯಾರೂ ಇರುವುದಿಲ್ಲ ಎಂದು ಎಣಿಸಿ ಬಂದಿದ್ದ. ಇಲ್ಲಿ ನೋಡಿದರೆ ಅತ್ತೆ ಕರೆದ ಹಿಂಡು ಜನ.

"ಏನಿದು? ಕಂಡವರ ಜಾಗಾ ಕಳವು ಮಾಡಿ ಹಬ್ಬ ಮಾಡಾಕತ್ತೀರಿ? ಕಳ್ಳರು!" ಎಂದು ಕೂಗಿದ.

ನನ್ನ ಗಂಡನ ಮುಖ ಸುಣ್ಣದ ಕಲ್ಲಿಗಿಂತ ಬಿಳಿಯಾಯಿತು. ಅತ್ತೆ ಎದ್ದಳು. ಜಗಳಕ್ಕೆ ಹೋಗುತ್ತಾಳೆಂದುಕೊಂಡೆ. ಅವಳು ಪಾಂಡವರ ಹಿಂದೆ ಹೋಗಿ, ಸೀರೆ ಮಡಚಿಕೊಂಡು, ಆರನೆಯ ಕಲ್ಲು ಇರಬೇಕಾದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಮಾಬೂಬಿ, ಕಳ್ಳ ಸಿಕ್ಕ ನೋಡು. ಸಾಹುಕಾರ್ರ ಹುಡುಕಿಕೊಟ್ರು. ಲೇ ಸೊಸಿ, ಕಳ್ಳಗ ಎಡಿ ಹಿಡಿ."

ನಾನು ಹಿಡಿದೆ. ನಗು ಬಂತು, ಅಳುವೂ ಬಂತು. ಅತ್ತೆ ಒಂದು ತುತ್ತು ಉಂಡು, ನಿಧಾನ ನುಂಗಿ, ಸಾಹುಕಾರನತ್ತ ತಿರುಗಿದಳು. "ಆತ್ರಿ, ಕಳ್ಳಿ ನಾನು. ಮಾಲಕರು ನೀವು. ಸೀಗಿ ಹುಣ್ಣಿವಿ ದಿವಸ ಮಾಲಕ ಹೊಲಕ್ಕ ಖಾಲಿ ಕೈಲೆ ಬರಂಗಿಲ್ಲ. ನಿಮ್ಮ ಬುತ್ತಿ ಎಲ್ಲೈತ್ರಿ?"

ಆಳುಗಳು ಹಾರೆ ಕೆಳಗಿಟ್ಟರು. ಸಾಹುಕಾರನಿಗೆ ಬೇರೆ ಕಡೆ ಹೊಲಗಳಿದ್ದವು, ಅವನೂ ಮಣ್ಣಿಗೆ ಹೆದರುವವನೇ. ಹಬ್ಬದ ದಿನ ಹೊಲದಲ್ಲಿ ಕಾಲಿಟ್ಟು, ಗರ್ಭಿಣಿ ಭೂಮಿತಾಯಿಗೆ ಬಡಿಯಲು ಗೂಟ ತಂದು, ಕೈಯಲ್ಲಿ ಒಂದು ಅಗುಳೂ ಇಲ್ಲದೆ ನಿಂತಿದ್ದ.

"ಬುತ್ತಿ ಇಲ್ಲಂದ್ರ ನೀವು ನಮ್ಮ ಬೀಗರು, ಉಣ್ಣಾಕ ಬಂದವರು. ಕುಂಡ್ರಿ, ಉಣ್ರಿ," ಎಂದಳು ಅತ್ತೆ. "ನಿಂತು ಉಣ್ಣೂದು ಬ್ಯಾಡ."

ಆಳುಗಳು ಮೊದಲು ಕೂತರು, ಅವರಿಗೆ ಹಸಿವೆಯಾಗಿತ್ತು. ಸಾಹುಕಾರ ಅತ್ತ ಇತ್ತ ನೋಡಿದ. ಉಣ್ಣದೆ ಹೋದರೆ ಭೂಮಿತಾಯಿಯ ಮುನಿಸು, ಉಂಡರೆ ಉಣಿಸಿದವಳೇ ಮಾಲಕಳು. ಕೊನೆಗೆ ಧೋತರದ ಚುಂಗು ಎತ್ತಿಕೊಂಡು ಕೂತ. ಎಣಗಾಯಿಯನ್ನು ಎರಡು ಸಲ ಹಾಕಿಸಿಕೊಂಡ ಎಂಬುದನ್ನು ನಾನು ಮರೆಯಲಾರೆ.

ಚರಗ ಚೆಲ್ಲಲು ನನ್ನ ಗಂಡ ಆಗಲೂ ಅಳುಕಿದರು. ಅತ್ತೆ ಬುಟ್ಟಿಯನ್ನು ತಾನೇ ಎತ್ತಿಕೊಂಡಳು. ಹೆಂಗಸು, ಅದರಲ್ಲೂ ಗಂಡನಿಲ್ಲದವಳು, ಚರಗ ಚೆಲ್ಲಿದ್ದನ್ನು ಆ ಊರು ಕಂಡಿರಲಿಲ್ಲ. "ಹುಲ್ಲುಲ್ಲಿಗ್ಯೋ!" ಎಂದು ಅವಳು ಕೂಗಿದ್ದು ಪೇಟೆಯವರೆಗೂ ಕೇಳಿತಂತೆ. ನಾನು ಹಿಂದಿನಿಂದ ನೀರು ಚಿಮುಕಿಸುತ್ತ ಹೋದೆ. ಅವಳ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ಮಗ್ಗದ ಮುಂದೆ ನಾನು ಯಾವತ್ತೂ ನೋಡಿರಲಿಲ್ಲ.

ವಖಾರ ಬೇರೆಲ್ಲೋ ಎದ್ದಿತು. ಕರ್ನಾಟಕ ಒಂದಾದ ವರ್ಷ ಊರಲ್ಲಿ ಮೆರವಣಿಗೆ ಬಂತು, ಹದ್ದುಗಳೆಲ್ಲ ಅಳಿದವು ಎಂದು ಭಾಷಣಗಳಾದವು. ಅತ್ತೆ ಮಗ್ಗದಿಂದಲೇ ಕೇಳಿಸಿಕೊಂಡು, "ಹದ್ದು ದಾಟಾಕ ಇವರಿಗೆ ಇಷ್ಟು ವರ್ಷ ಬೇಕಾತು. ನನ್ನ ಕುಂಬಳಬಳ್ಳಿ ಒಂದ ಮಳಿಗಾಲದಾಗ ದಾಟಿತ್ತು" ಎಂದಳು. ಆ ತೋಟದಲ್ಲಿ ಅವಳು ಸಾಯುವ ತನಕ ಚರಗ ಚೆಲ್ಲಿದಳು. ಅವಳು ಹೋದ ಮೇಲೆ ರಸ್ತೆ ಅಗಲವಾಗಿ ತೋಟವನ್ನು ನುಂಗಿತು. ಆಗಲೂ ಅದು ಯಾರ ಜಾಗವೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಿನ್ನೆ ಗಂಜಿಯನ್ನು ಗಟಾರಕ್ಕೆ ಸುರಿದೆ. ಮೊಮ್ಮಗಳ ಹಳೆಯ ಬೂಟು ಮೆಟ್ಟಿ, ಕುಡಗೋಲು ಹಿಡಿದು ಗೋಡೆಯ ಆಚೆಗೆ ಹೋದೆ. ಇಂದು ಬೆಳಗಿನ ಹೊತ್ತಿಗೆ ಒಂದು ಮೂಲೆ ಹಸನಾಗಿದೆ, ನನ್ನ ಸೊಂಟ ಹಿಡಿದಿದೆ. ಪಕ್ಕದ ಮನೆಯ ಇಂಜಿನಿಯರು ಹಲ್ಲುಜ್ಜುತ್ತ ಬಂದು ನಿಂತರು.

"ಅಜ್ಜಿ, ಇದೇನ್ ಮಾಡಾಕತ್ತೀರಿ? ಯಾರ ಜಾಗಾನೋ ಏನೋ! ನಾಳೆ ಮಾಲಕ ಬಂದು ಕೇಳಿದ್ರ?"

ಪುಂಡಿ ಬೀಜಗಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದೆ. ಚೆನ್ನಾಗಿದ್ದವು.

"ನಾಳೆ ಯಾಕ ಬರ್ತಾನಪಾ? ಸೀಗಿ ಹುಣ್ಣಿವಿಗೆ ಬರಾಕ ಹೇಳು," ಎಂದೆ. "ಬುತ್ತಿ ತಂದ್ರ ಜಾಗಾ ಅವಂದು. ತರಲಿಲ್ಲಂದ್ರ ಕುಂಡ್ರಿಸಿ ನಾ ಉಣ್ಣಸ್ತೀನಿ."