ಮುಚ್ಚಳವಿಲ್ಲದ ಟೀಪಾಟ್

ಕಾಸಾರಶಿರಸಿ ದಾಟಿದ ಮೇಲೆ ನಮ್ಮ ಬಸ್ಸು ಪಂಕ್ಚರ್ ಆಯಿತು. ಕುಡಿಯುವ ನೀರು ಕೇಳಲು ರಸ್ತೆಬದಿಯ ಕುರಿಗಾರರ ಮನೆಗೆ ಹೋದೆ. ಅಂಗಳದಲ್ಲಿ ಮಾಳವ್ವ ಎಂಬಾಕೆ ಎಳೆಯ ಕುರಿಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅದರ ತಾಯಿ ನಿನ್ನೆ ಸತ್ತಿತ್ತಂತೆ.

“ಬಾಟಲಿ ಹಿಡದ್ರ ಮಾರಿ ತಿರುವತದ್ರೀ. ಇವತ್ತ ಹಾಲ ಕುಡೀಲಿಲ್ಲಂದ್ರ ಉಳ್ಯಂಗಿಲ್ಲ.”

ಅವಳ ಪಕ್ಕದ ಪಾತ್ರೆ ಕಂಡು ನನಗೆ ನೀರಡಿಕೆ ಮರೆತುಹೋಯಿತು. ಬದನೆ ಬಣ್ಣದ ಪಿಂಗಾಣಿ, ಪೀಚ್ ಹಣ್ಣಿನ ಆಕಾರ, ಹಿಡಿಕೆ, ಸಣ್ಣ ಕೊಕ್ಕು, ತಳದಂಚಿನಲ್ಲಿ ಚೀನೀ ಅಕ್ಷರಗಳ ಮುದ್ರೆ. ಹಳೆಯ ಟೀಪಾಟ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಅದಕ್ಕೆ ಮುಚ್ಚಳವಿರಲಿಲ್ಲ, ಮೇಲ್ಭಾಗದಲ್ಲಿ ಬಾಯಿಯೂ ಇರಲಿಲ್ಲ.

ಮಾಳವ್ವ ಅದನ್ನು ತಲೆಕೆಳಗು ಮಾಡಿ, ತಳದಲ್ಲಿದ್ದ ಒಂದು ತೂತಿನಲ್ಲಿ ಹಾಲು ಹೊಯ್ದು, ಮತ್ತೆ ನೆಟ್ಟಗೆ ಹಿಡಿದಳು. ನಾನು ಕೆಳಗೆ ಕೈ ಒಡ್ಡಿದೆ. ಒಂದು ಹನಿಯೂ ಬೀಳಲಿಲ್ಲ.

“ಯಾಕೆ ಸೋರುವುದಿಲ್ಲ?” ಎಂದೆ.

“ನಮ್ಮತ್ತೀಗಿ ಕೇಳಿದ್ದೆ, ಆಕೀಗೂ ಗೊತ್ತಿದ್ದಿಲ್ಲ. ಮರಿಗಿ ಹಾಲ ಕುಡ್ಸಲಾಕಂತೇ ಮಾಡ್ಯಾರ್ರೀ.”

ಇದು ಚಹಾಕ್ಕೆ ಮಾಡಿದ್ದು ಎಂದೆ. ಆಕೆ ನಕ್ಕಳು.

“ಚಾಕ್ಕ ಯಾರರೆ ಇಷ್ಟ ತ್ರಾಸ ತಗೋತಾರೇನವ್ವಾ?”

ತಳದ ತೂತಿನಿಂದ ಒಳಗೆ ಮೇಲಕ್ಕೇರುವ ಕೊಳವೆ ಇರಬೇಕು, ಅದಕ್ಕೇ ಸೋರದು ಎಂದು ನನ್ನ ಊಹೆ. ಆದರೆ ಕಣ್ಣಿಗೆ ಕಾಣದ ಆ ಕೊಳವೆಯನ್ನು ಹಸಿಮಣ್ಣಿನಲ್ಲಿ ಕೂಡಿಸಿದ ಕೈಗಳನ್ನು ನೆನೆದು ಪಾತ್ರೆಯ ಮೈಯನ್ನು ಮೆಲ್ಲಗೆ ಮುಟ್ಟಿ ನೋಡಿದೆ.

ಮಾಳವ್ವ ಕೊಕ್ಕನ್ನು ಮರಿಯ ತುಟಿಗಿಟ್ಟಳು. ಅದು ಮುಖ ತಿರುಗಿಸಿತು. ಆಕೆ ಬಿಡದೆ ಮತ್ತೆ ಹಿಡಿದಳು. ಪಾತ್ರೆಯೊಳಗೆ ಗುಳುಗುಳು ಸದ್ದು ಕೇಳಿಸಿತು. ಇಬ್ಬರೂ ನೋಡುತ್ತಿದ್ದಂತೆ ಮರಿಯ ಬಾಲ ಅಲ್ಲಾಡತೊಡಗಿತು.